ಪುಟ್ಟತಾಯಮ್ಮನ ಪಾಲು

“ಆ ಹೆಸರಿಗೆ ಮಾತ್ರ ಗೀಟು ಹೊಡೀಬ್ಯಾಡಿ ಕಣಪ್ಪ. ಹೊಡೆದೋರು ಅವಳ ಎಡೆ ತಿನ್ಬೇಕಾಯ್ತದೆ,” ಎಂದರು ಮನೆಯ ಹಿರಿಯಾಕೆ ಚಾಮುಂಡಮ್ಮ.

ವಾಗೀಶ ನಕ್ಕುಬಿಟ್ಟ. ದುಬೈ, ಸಿಂಗಪುರಗಳಲ್ಲಿ ಹರಡಿಕೊಂಡ ಸಿರಿವಂತ ಮನೆತನಗಳಿಗೆ ಆಸ್ತಿ ಹಂಚಿಕೆಯ ಕಟ್ಟುಪಾಡು ಬರೆದುಕೊಟ್ಟು, ಆಸ್ತಿಯನ್ನು ಟ್ರಸ್ಟಿಗೆ ಸೇರಿಸುವುದು ಅವನ ಕಸುಬು. ಅಗರಬತ್ತಿ ವ್ಯಾಪಾರದ ಈ ಮನೆಯವರು ಅವನನ್ನು ಮುಂಬೈಯಿಂದ ಸಿದ್ಧಾರ್ಥನಗರದ ತಮ್ಮ ಮನೆಗೆ ಕರೆಸಿದ್ದರು. ನೋಡಿದರೆ, ಪಾಲುದಾರರ ಪಟ್ಟಿಯಲ್ಲಿ ಸತ್ತು ನಲವತ್ತು ವರ್ಷವಾದ ಹೆಂಗಸು! ಚಾಮುಂಡಮ್ಮನ ನಾದಿನಿ ಪುಟ್ಟತಾಯಮ್ಮ. ತವರಿನಲ್ಲಿ ಪಾಲು ಕೇಳಿದ್ದಕ್ಕೆ ಒಡಹುಟ್ಟಿದವನೇ, ಅಂದರೆ ಚಾಮುಂಡಮ್ಮನ ಗಂಡನೇ, ಇದೇ ಮನೆಯ ಕೋಣೆಗೆ ಹಾಕಿ, ಬೀಗ ಜಡಿದು, ಅನ್ನವಿಲ್ಲದೆ ಸಾಯಿಸಿದ್ದನಂತೆ. ಅವಳು ಸಾಯುವ ಮುನ್ನ ತನ್ನ ಕೂದಲು ಕಿತ್ತು, ಉಂಡೆ ಕಟ್ಟಿ ಮಾಟ ಮಾಡಿದ್ದಳಂತೆ. ಹೆದರಿದ ಆ ಪಾಪಿ, ಅವಳು ಸತ್ತ ಮೇಲೆ, ಹೂಟಗಳ್ಳಿಯ ಅಗರಬತ್ತಿ ಕಾರ್ಖಾನೆಯನ್ನೇ ಅವಳ ಪಾಲಿಗೆ ಬರೆದ. ಅಂದಿನಿಂದ ದಿನವೂ ಆ ಕೋಣೆಯಲ್ಲಿ ಅವಳಿಗೆ ಎಡೆ.

“ಸತ್ತವರಿಗೆ ಟ್ರಸ್ಟಿನಲ್ಲಿ ಜಾಗ ಇಲ್ಲಮ್ಮ,” ಎಂದ ವಾಗೀಶ.

ಚಾಮುಂಡಮ್ಮನ ಮಗ ವಿಜಯ್‌ಕುಮಾರ್ ಪೆನ್ನು ಚಾಚಿದ. “ನೀವೇ ಹೊಡೆದ್ಬುಡಿ ಸಾರ್. ಮನೆಯೋರು ಹೊಡೆದ್ರೆ ಚೆನ್ನಾಗಿರಲ್ಲ.”

ವಾಗೀಶ ಗೀಟೆಳೆದ.

ಕೂಡಲೇ ನಾರಿತು. ಹಜಾರದಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಉರಿಯುತ್ತಿದ್ದರೂ ಹಳಸಿದ ಅನ್ನದ, ಸತ್ತ ಇಲಿಯ ವಾಸನೆ ಮೂಗಿಗಡರಿತು. ಥೂ! ನಾತ ಅವನ ಬಾಯೊಳಗೇ ಇತ್ತು. ಕಾಫಿ ಗುಟುಕರಿಸಿದ. ಲೋಳೆ. ಉಗಿದ. ನಾಲಿಗೆಗೆ ಏನೋ ಸುತ್ತಿಕೊಂಡಿತ್ತು. ಬೆರಳು ಹಾಕಿ ಎಳೆದ. ಕೂದಲು. ಉದ್ದನೆಯ, ಜಿಡ್ಡುಗಟ್ಟಿದ ಕೂದಲು. ಎಳೆದ. ಬಂತು. ಇನ್ನೂ ಬಂತು. ಅದರ ಬುಡ ಹೊಟ್ಟೆಯಲ್ಲಿತ್ತು.

ಬಾಗಿಲ ಕಡೆಗೆ ಓಡಿದ. ಹೊಟ್ಟೆಯೊಳಗಿನ ಉಂಡೆ ಹಿಂದಕ್ಕೆ ಜಗ್ಗಿತು. ಹಸಿವು. ಹುಟ್ಟಿದಾರಭ್ಯ ಕಾಣದ ಹಸಿವು. ಕಾಲು ತಾನಾಗಿ ಆ ಕೋಣೆಗೆ ನಡೆಯಿತು. ಕತ್ತಲು. ನೆಲದ ಮೇಲೆ ಬಾಳೆಲೆ. ಆಗಷ್ಟೇ ಬಡಿಸಿದ ಅನ್ನ ಅವನ ಕಣ್ಣೆದುರೇ ಕಪ್ಪಾಯಿತು. ಹುಳ ಮಿಜಿಗುಟ್ಟಿತು. ಬೇಡ, ಬೇಡ ಎನ್ನುತ್ತಲೇ ಕೈ ಕಲಸಿತು. ಬಾಯಿ ತೆರೆಯಿತು. ತುತ್ತು ಇಳಿಯಿತು.

“ಹೇಳಿದ್ನಲ್ಲಪ್ಪ,” ಎಂದು ಚಾಮುಂಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರೊಬ್ಬರು, ಉಂಡವನೊಬ್ಬ.

ವಿಜಯ್‌ಕುಮಾರ್ ಹಜಾರದಲ್ಲಿ ದುಬೈಯಲ್ಲಿದ್ದ ತಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. “ಆಯ್ತು ಕಣೋ ಬೀರೇಶ, ಕಾರ್ಖಾನೆ ನಮ್ದೇ. ಏ, ನಾನ್ಯಾಕೆ ಹೊಡೀಲಿ? ಅದಕ್ಕೇ ತಾನೇ ಹೊರಗಿನವನನ್ನ ಕರೆಸಿದ್ದು!”

ಆಮೇಲೆ ಬಂದು ಕೋಣೆಯೊಳಗೆ ಇಣುಕಿದ. “ನಾಚ್ಕೋಬೇಡಿ ಸಾರ್. ಇನ್ಮೇಲೆ ನೀವೂ ಮನೆಯೋರೇ.”

ಬಾಗಿಲು ಮುಚ್ಚಿತು. ಹೊರಗಿನಿಂದ ಬೀಗ ಬಿತ್ತು. ವಾಗೀಶನ ಕೈ ಇನ್ನೊಂದು ತುತ್ತು ಕಲಸಿತು.