ತುಂಬಿದ ಉಗ್ರಾಣ

ಸಂಜೆ ನಾಲ್ಕಕ್ಕೆ ಮಹಡಿ ಕೋಣೆಯ ಬಾಗಿಲು ತಳ್ಳಿದ ಮನೆಯೊಡೆಯ ದೇವಯ್ಯ ಹೊಸ್ತಿಲಲ್ಲೇ ಕುಸಿದು ಕುಳಿತ. ಬಾಡಿಗೆಗಿದ್ದ ಅಮೃತೇಶ್ ಕುರ್ಚಿಯ ಪಕ್ಕ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮೇಜಿನ ಮೇಲಿನ ಕಂಪ್ಯೂಟರ್ ಮಾತ್ರ ನಡೆಯುತ್ತಲೇ ಇತ್ತು. ಅದರೊಳಗಿಂದ ಯಾವುದೋ ಯಂತ್ರ ಕಲ್ಲು ಅರೆಯುವ ಸದ್ದು.

ತಿ. ನರಸೀಪುರ ಠಾಣೆಯ ಎಸ್‌ಐ ಶಿವಾನಿ ಬಂದಾಗಲೂ ಆ ಸದ್ದು ನಿಂತಿರಲಿಲ್ಲ. ಹೆಣದ ಎದುರು ಅದನ್ನು ಕೇಳುತ್ತ ನಿಲ್ಲುವುದು ಅವಳಿಗೆ ಕಷ್ಟವಾಯಿತು.

ಬೆಳಿಗ್ಗೆ ಕರೆಂಟಿನ ವಿಷಯಕ್ಕೆ ದೇವಯ್ಯ ಅಮೃತೇಶನ ಜೊತೆ ಜಗಳವಾಡಿದ್ದನ್ನು ಬೀದಿಯೇ ಕೇಳಿತ್ತು. ಅವನನ್ನು ವಿಚಾರಿಸಿದಳು.

"ಬೈದಿದ್ದು ದಿಟ ಕಣವ್ವ. ಒಡೆಯೋ ಪೈಕಿ ಅಲ್ಲ ನಾನು," ಎಂದ ಅವನು.

ಒಂದರಿಂದ ಮೂರೂ ಮುಕ್ಕಾಲರವರೆಗೆ ಅವನು ಪಹಣಿಗಾಗಿ ತಾಲ್ಲೂಕು ಕಚೇರಿಯ ಸಾಲಿನಲ್ಲಿದ್ದ. ಅಲ್ಲಿನ ಕ್ಯಾಮೆರಾ ಅದನ್ನೇ ಹೇಳಿತು; ಅಲ್ಲಿಂದ ಮನೆಗೆ ಕಾಲು ಗಂಟೆಯ ದಾರಿ. ಅಮೃತೇಶ್ ಎರಡೂವರೆಗೆ ತಂಗಿ ರಮ್ಯಳಿಗೆ ಫೋನ್ ಮಾಡಿದ್ದ. ಕೊಲೆ ನಡೆದದ್ದು ಅದಾದ ಮೇಲೆ.

* * *

ಅನುಮಾನಕ್ಕೆ ಉಳಿದವನು ಅಮೃತೇಶನ ಜೊತೆಗಾರ, ನಂಜನಗೂಡಿನ ರಘು. ಚೌಕ ಚೌಕದ ಕಲ್ಲು ಮಣ್ಣು ಪೇರಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟವೊಂದಕ್ಕೆ ಇವರಿಬ್ಬರೂ ಸೇರಿ ಮಾಡ್ ಬರೆದಿದ್ದರು. ಮಾಡ್ ಎಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಹೊಸ ಭಾಗ. ಇವರದರಲ್ಲಿ ಅದಿರು ಅರೆದು ಕಬ್ಬಿಣದ ಗಟ್ಟಿ ಮಾಡುವ ಯಂತ್ರವಿತ್ತು, ಗಟ್ಟಿಗಳನ್ನು ತುಂಬಿಡುವ ಉಗ್ರಾಣವಿತ್ತು. ಅದನ್ನು ರಘು ತನ್ನೊಬ್ಬನ ಹೆಸರಿನಲ್ಲೇ ಇಂಟರ್‌ನೆಟ್ಟಿಗೆ ಏರಿಸಿದ್ದ. ಅಮೃತೇಶ್ ಆ ಜಾಲತಾಣಕ್ಕೆ ದೂರು ಕೊಟ್ಟಿದ್ದ. ವಾರದೊಳಗೆ ಮಾಡ್‌ನಿಂದ ರಘುವಿನ ಹೆಸರು ಅಳಿಯುವುದರಲ್ಲಿತ್ತು.

ಆದರೆ ಎರಡರಿಂದ ನಾಲ್ಕೂಕಾಲರವರೆಗೆ ಮನೆಯಲ್ಲೇ ಕೂತು ಆಡುತ್ತಿದ್ದೆ ಎಂದ ರಘು. ಇಬ್ಬರೂ ಆಡುತ್ತಿದ್ದದ್ದು ಇಂಟರ್‌ನೆಟ್ಟಿನ ಒಂದೇ ಲೋಕದಲ್ಲಿ, ಅಮೃತೇಶನ ಕಂಪ್ಯೂಟರಿನಲ್ಲಿ ಇನ್ನೂ ತೆರೆದಿದ್ದುದೂ ಅದೇ. ಅಲ್ಲಿನ ಉಗ್ರಾಣಕ್ಕೆ ಆಟವೇ ಬರೆದಿಡುವ ದಾಖಲೆಯಲ್ಲಿ ನಿಮಿಷ ನಿಮಿಷಕ್ಕೂ ರಘುವಿನ ಹೆಸರಿತ್ತು.

* * *

ಶಿವಾನಿ ಆ ದಾಖಲೆಯನ್ನು ಸೋಮನಾಥಪುರಕ್ಕೆ ಒಯ್ದು ರಮ್ಯಳ ಮುಂದಿಟ್ಟಳು. ಅಣ್ಣನ ಜೊತೆ ಆಡಿ ಬೆಳೆದ ಹುಡುಗಿ ಕಣ್ಣೊರೆಸಿಕೊಂಡು ಓದಿದಳು. ಒಂದು ಕಡೆ ಅವಳ ಬೆರಳು ನಿಂತಿತು.

"ಮೇಡಂ, ಎರಡು ನಲವತ್ತಕ್ಕೇ ಉಗ್ರಾಣ ತುಂಬಿದೆ. ಆಮೇಲೆ ಬರೀ 'ರಘು, ಜಾಗವಿಲ್ಲ' ಅಂತ ಬಂದಿದೆ. ಒಂದೂವರೆ ಗಂಟೆ ಗಟ್ಟಿಗಳು ನೆಲಕ್ಕೆ ಸುರಿದು ಮಾಯ ಆಗಿವೆ. ಎದುರಿಗೆ ಮನುಷ್ಯ ಕೂತಿದ್ರೆ ಇನ್ನೊಂದು ಪೆಟ್ಟಿಗೆ ಇಡ್ತಿದ್ದ."

"ಹಾಗಾದ್ರೆ ಅದಿರು ಹಾಕ್ತಿದ್ದೋರು ಯಾರು?"

"ಯಾರೂ ಇಲ್ಲ. ಅದಿರು ತಾನಾಗೇ ಬೀಳೋ ಹಾಗೆ ಕಟ್ಟಿಟ್ಟಿದ್ದಾನೆ. ಕೈಯಲ್ಲಿ ಹಾಕಿದ್ರೂ ಒಂದೇ, ಯಂತ್ರ ಹಾಕಿದ್ರೂ ಒಂದೇ, ದಾಖಲೆಗೆ ಬರೋದು ಕಟ್ಟಿದವನ ಹೆಸರೇ."

ಶಿವಾನಿಗೆ ಮಹಡಿ ಕೋಣೆಯ ಅರೆಯುವ ಸದ್ದು ನೆನಪಾಯಿತು. ಆ ಕೋಣೆಯಲ್ಲಿ ಅವಳು ಕೇಳಿದ್ದು ಕೊಲೆಗಾರ ತನ್ನ ಪರವಾಗಿ ನಿಲ್ಲಿಸಿಹೋಗಿದ್ದ ಸಾಕ್ಷಿಯ ಸದ್ದು.

* * *

ನರಸೀಪುರದ ಬಸ್ ನಿಲ್ದಾಣದ ಎದುರಿನ ಬೇಕರಿಯ ಕ್ಯಾಮೆರಾದಲ್ಲಿ ರಘುವಿನ ಬೈಕು ಸಿಕ್ಕಿತು. ಎರಡು ಐವತ್ತಕ್ಕೆ ಊರೊಳಗೆ, ಮೂರೂ ಹತ್ತಕ್ಕೆ ಹೊರಗೆ. ಠಾಣೆಯಲ್ಲಿ ಶಿವಾನಿ ಚಿತ್ರವನ್ನೂ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು, ಕಂಡುಕೊಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ರಘು ಒಪ್ಪಿಕೊಂಡ.

"ಹೆಸರು ಬಿಟ್ಕೊಡು ಅಂತ ಕೇಳೋಕೆ ಹೋಗಿದ್ದೆ ಮೇಡಂ. ಮಾತಿಗೆ ಮಾತು ಬೆಳೀತು. ಸಿಟ್ಟಲ್ಲಿ ಕೈಯಲ್ಲಿದ್ದ ಸ್ಪ್ಯಾನರ್ ಬೀಸಿಬಿಟ್ಟೆ. ಕೊಲ್ಲಬೇಕು ಅಂತ ಇರ್ಲಿಲ್ಲ."

ಶಿವಾನಿ ದಾಖಲೆಯ ಮೊದಲ ಹಾಳೆ ತಿರುಗಿಸಿದಳು.

"ನೀನು ಸಿಟ್ಟು ಮಾಡ್ಕೊಂಡಿದ್ದು ಮೂರು ಗಂಟೆಗೆ ರಘು. ಅದಿರು ತಾನಾಗೇ ಬೀಳೋ ಈ ಯಂತ್ರ ಕಟ್ಟಿದ್ದು ಒಂದೂ ಹತ್ತಕ್ಕೆ."