ಆಕಾಶ ಖಾಲಿ ಇತ್ತು

ಗುಮ್ಮಟದೊಳಗೆ ಸಂಜೆಯಾಗತೊಡಗಿತು. ಹೊರಗೆ ಬೆಳಗಿನ ಹನ್ನೊಂದು ಗಂಟೆಯ ಬಿಸಿಲು. ಒಳಗೆ ಮಾತ್ರ ಆರು ವರ್ಷಗಳ ಹಿಂದೆ ಗದಗ ಸೀಮೆಯ ಒಂದು ಶಾಲೆಯ ಮೈದಾನದ ಮೇಲೆ ಕವಿದಿದ್ದ ಸಂಜೆ ಹಾಗೆಯೇ ಮತ್ತೆ ಇಳಿಯುತ್ತಿತ್ತು. ಪಡುವಣದಲ್ಲಿ ಶುಕ್ರಗ್ರಹ ಹೊಳೆಯಿತು. ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯೊಂದು ಓಲಾಡುತ್ತ ಮೇಲೇರಿತು. ಕುರ್ಚಿಯ ಮೇಲೆ ಕುಳಿತಿದ್ದ ನಿವೃತ್ತ ಹೆಡ್‌ಮಾಸ್ತರರು ಬೆರಳು ಮಾಡಿ ತೋರಿಸಿದರು.

"ಅದೇ, ಅದೇ. ಬ್ಯಾರೆ ಲೋಕದ ವಾಹನ ಅದು."

"ಹವಾಮಾನ ಇಲಾಖೆಯ ಬಲೂನು ಸರ್, ಅದು," ಎಂದಳು ಮೇಜರ್ ಶಾಂಭವಿ ಬೆಂಡಿಗೇರಿ. "ಮುಳುಗುವ ಸೂರ್ಯನ ಬೆಳಕು ಅದಕ್ಕೆ ತಗುಲಿದೆ."

ಹೆಡ್‌ಮಾಸ್ತರರು ಬಹಳ ಹೊತ್ತು ಮೇಲೆ ನೋಡುತ್ತ ಕುಳಿತರು. "ಊರಿಗೆಲ್ಲ ಹೇಳಿಬಿಟ್ಟಿದ್ದೆ," ಎಂದು ಟೊಪ್ಪಿಗೆ ಹಾಕಿಕೊಂಡು ಎದ್ದುಹೋದರು. ಶಾಂಭವಿ ವರದಿಗೆ ಸಹಿ ಮಾಡಿದಳು. ಬೆಳಗಾವಿಯ ವ್ಯೋಮ ವೀಕ್ಷಣಾ ದಳ ಆ ವರ್ಷ ಮುಗಿಸಿದ ಮುನ್ನೂರನೆಯ ಕಡತ ಅದು.

ಆಕಾಶದಲ್ಲಿ ಗುರುತು ಸಿಗದ ವಸ್ತು ಕಂಡಿತೆಂದು ಯಾರೇ ದೂರು ಕೊಟ್ಟರೂ ಅದನ್ನು ಸೇನೆಯ ಈ ಸಣ್ಣ ದಳವೇ ಪರಿಶೀಲಿಸಬೇಕಿತ್ತು. ಮೊದಲೆಲ್ಲ ಅದು ನಗೆಪಾಟಲಿನ ಕೆಲಸ. ಗಗನಸಾಕ್ಷಿ ಯಂತ್ರ ಬಂದ ಮೇಲೆ ನಗುವುದನ್ನು ಎಲ್ಲರೂ ನಿಲ್ಲಿಸಿದ್ದರು. ಉಪಗ್ರಹಗಳು, ರೇಡಾರುಗಳು, ಮೊಬೈಲ್ ಗೋಪುರಗಳು, ರಸ್ತೆಬದಿಯ ಕ್ಯಾಮೆರಾಗಳು ಎಲ್ಲವೂ ಕ್ಷಣಕ್ಷಣಕ್ಕೆ ಕೊಡುವ ಮಾಹಿತಿಯನ್ನು ಕೂಡಿಸಿ, ಯಾವ ಊರಿನ, ಯಾವ ದಿನದ, ಯಾವ ಗಳಿಗೆಯ ಆಕಾಶವನ್ನಾದರೂ ಅದು ಗುಮ್ಮಟದ ಒಳಮೈ ಮೇಲೆ ಮತ್ತೆ ಕಟ್ಟಿ ತೋರಿಸುತ್ತಿತ್ತು. ಅದಕ್ಕೆ ಕಲಿಯುವ ಶಕ್ತಿಯೂ ಇತ್ತು. ಅಧಿಕಾರಿ ಸಹಿ ಮಾಡಿದ ಪ್ರತಿ ವರದಿಯೂ ಅದಕ್ಕೊಂದು ಪಾಠ. ಇದು ಬಲೂನು ಎಂದು ಒಮ್ಮೆ ಒಪ್ಪಿಕೊಂಡರೆ ಮುಂದೆ ಅಂಥದ್ದು ಎಲ್ಲಿ ಕಂಡರೂ ಬಲೂನೆಂದೇ ಗುರುತಿಸುತ್ತಿತ್ತು. ಈ ಯಂತ್ರದ ಕಲಿಕೆಯ ಸೂತ್ರಗಳನ್ನು ಬರೆದವರಲ್ಲಿ ಶಾಂಭವಿಯೂ ಒಬ್ಬಳು. ಹಳ್ಳಿಗಳ ಜನ ಏನು ಕಂಡರೆಂದು ಯಾರಾದರೂ ಮರ್ಯಾದೆಯಿಂದ ಕೇಳಬೇಕು ಎನ್ನುವುದೇ ಆಗ ಅವಳ ಆಸೆಯಾಗಿತ್ತು.

ಹುಸೇನಸಾಬ ನದಾಫನ ಕಡತ ನ್ಯಾಯಾಲಯದಿಂದ ಬಂದದ್ದು ಮಾರ್ಗಶಿರ ಮಾಸದಲ್ಲಿ. ಇನ್ನೂ ಮನುಷ್ಯರೇ ಓಡಿಸುತ್ತಿದ್ದ ಕೆಲವೇ ಬಸ್ಸುಗಳಲ್ಲಿ ಒಂದರ ಚಾಲಕ ಅವನು. ವಿಜಯಪುರದ ಆಚೆ ಬೂದಿಕಟ್ಟಿ ಎಂಬ ಅವನದೇ ಊರಿನ ಬಳಿ, ಆಗಷ್ಟೇ ಕತ್ತಲಾಗುತ್ತಿದ್ದ ಹೊತ್ತಿನಲ್ಲಿ, ಅವನ ಬಸ್ಸು ಕಾಲುವೆಗೆ ಬಿದ್ದು ನಾಲ್ವರು ತೀರಿಕೊಂಡಿದ್ದರು. ಅವನು ತೂಕಡಿಸಿದ್ದನೆಂದು ಪೊಲೀಸರು ಬರೆದಿದ್ದರು. ರಸ್ತೆಗೆ ಅಡ್ಡಲಾಗಿ ಆಕಾಶದಿಂದ ಏನೋ ಇಳಿಯಿತೆಂದು ಅವನು ಹೇಳಿದ್ದ. ಅದು ನಿಜವೇ ಎಂದು ನ್ಯಾಯಾಲಯ ದಳವನ್ನು ಕೇಳಿತ್ತು.

ಅವನು ಬಂದಾಗ ಎಡಗೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು. ಗುಮ್ಮಟದ ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ಚಪ್ಪಲಿ ಹಾಕ್ಕೊಂಡ ಬರ್ರಿ, ಪರವಾಗಿಲ್ಲ," ಎಂದಳು ಶಾಂಭವಿ.

"ಇರ್ಲಿ ಬಿಡ್ರಿ. ಖರೇ ಹೇಳೂ ಜಾಗಾ ಅಂತ ವಕೀಲರು ಅಂದ್ರು."

"ಏನ್ ಕಂಡ್ರಿ, ನಿಮ್ಮ ಮಾತಿನ್ಯಾಗ ಹೇಳ್ರಿ."

"ಬೆಳಕ ಇತ್ರಿ. ಲಾರಿ ಲೈಟ್ ಅಲ್ಲ, ನಾ ಇಪ್ಪತ್ತಾರು ವರ್ಷ ಲಾರಿ ಲೈಟ್ ನೋಡೀನಿ. ಮೂರ ಮೂಲಿ ಇತ್ತು. ಮ್ಯಾಲಿಂದ ಸಪ್ಪಳಿಲ್ಲದ ಇಳದು ರಸ್ತೆದ ಮ್ಯಾಲ ನಿಂತ ಬಿಡ್ತು. ತೆಂಗಿನಮರದಷ್ಟ ಎತ್ತರ ಇದ್ದೀತು. ನಾ ಎಡಕ್ಕ ತಿರುವಿದೆ." ಅವನು ಜೋಳಿಗೆಯ ಕೈಯನ್ನು ಸರಿಪಡಿಸಿಕೊಂಡ. "ಬಲಕ್ಕ ತಿರುವಿದ್ರ ಹೊಲ ಇತ್ರಿ. ಮಂದಿ ಉಳೀತಿದ್ರು. ಅದು ನನ್ನ ತಪ್ಪ, ಅದನ್ನ ಒಪ್ಕೋತೀನಿ. ಆದ್ರ ಕಣ್ಣ ಹತ್ತಿರ್ಲಿಲ್ಲ."

"ಈ ಯಂತ್ರ ಆ ದಿನದ ಆಕಾಶ ಮತ್ತ ತೋರಸ್ತದ. ಅಲ್ಲಿ ಇದ್ದದ್ದು ಇಲ್ಲಿ ಬಂದ ಬರತದ."

"ಇದು ಸುಳ್ಳ ಹೇಳೂದಿಲ್ಲೇನ್ರಿ?"

"ಇದಕ್ಕ ಸುಳ್ಳ ಗೊತ್ತಿಲ್ಲ."

"ಹಂಗಾದ್ರ ಚಿಂತಿಲ್ಲ," ಎಂದು ಹುಸೇನಸಾಬ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತ.

ನ್ಯಾಯಾಲಯದ ಕಡತಗಳ ಆಕಾಶವನ್ನು ಸಾಕ್ಷಿಯ ಎದುರಿಗೆ ತೆರೆಯುವಂತಿರಲಿಲ್ಲ. ಅವನನ್ನು ಕಳಿಸಿದ ಮೇಲೆ ಶಾಂಭವಿ ಒಬ್ಬಳೇ ನೋಡಿದಳು. ಬೂದಿಕಟ್ಟಿಯ ಮೇಲೆ ಕತ್ತಲಾಯಿತು, ಕೃತ್ತಿಕೆ ಮೂಡಿತು. ಉತ್ತರದ ಕಡೆಯಿಂದ ಮೂರು ಮೂಲೆಯ ಬೆಳಕೊಂದು ತೇಲಿಬಂದು, ರಸ್ತೆಯ ಮೇಲೆ ಒಂಬತ್ತು ಸೆಕೆಂಡು ನಿಂತು, ನೆಟ್ಟಗೆ ಮೇಲೆ ಹಾರಿತು. ಅದರ ಅಂಚಿನಲ್ಲಿ ಯಂತ್ರ ಒಂದು ಸಣ್ಣ ಹಸಿರು ಗುರುತು ಹಾಕಿತ್ತು. ಸ್ವಪಕ್ಷದ ವಾಹನ ಎಂದು ಅದರರ್ಥ.

ದಳದ ಮುಖ್ಯಸ್ಥ ಕರ್ನಲ್ ಮುಕುಂದ ರೈ ಆ ದೃಶ್ಯವನ್ನು ಎರಡು ಬಾರಿ ನೋಡಿದರು. ಆಮೇಲೆ ಗುಮ್ಮಟದ ಬಾಗಿಲು ಹಾಕಿಸಿದರು.

"ಈ ವಾಹನ ಇಲ್ಲ, ಶಾಂಭವಿ. ಸರಕಾರ ಇದೆ ಎಂದು ಪ್ರಕಟಿಸುವ ದಿನದವರೆಗೂ ಇಲ್ಲ."

"ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ ಸರ್."

"ನನಗೆ ಗೊತ್ತಿಲ್ಲವೇ? ಹಾರಿಸುವವರಿಗೆ ನಾನೇ ಬೈದು ಬರೆಯುತ್ತೇನೆ. ಇನ್ನು ಮುಂದೆ ರಸ್ತೆಯ ಮೇಲೆ ಇಳಿಸುವುದಿಲ್ಲ. ಆದರೆ ನ್ಯಾಯಾಲಯಕ್ಕೆ ಇದು ಇತ್ತು ಎಂದು ಕೊಟ್ಟರೆ ನಾಳೆ ಹೊರದೇಶದವರಿಗೂ ಕೊಟ್ಟಂತೆ. ಅವನದು ಒಳ್ಳೆಯ ದಾಖಲೆ, ಶಿಕ್ಷೆ ಕಡಿಮೆಯಾದೀತು."

"ಏನು ಬರೆಯಲಿ?"

"ಆಕಾಶ ಖಾಲಿ ಇತ್ತು ಎಂದು ಬರೆಯಿರಿ."

ಶಾಂಭವಿ ಎರಡು ದಿನ ಆ ಕಡತವನ್ನು ಮುಟ್ಟಲಿಲ್ಲ. ಮೂರನೆಯ ದಿನ, ನ್ಯಾಯಾಲಯದಲ್ಲಿ ಬೇರೆ ಸಾಕ್ಷಿಗಳಿದ್ದಾರು, ಚಾಲಕನ ಹಿಂದಿನ ಸೀಟಿನವರು ಯಾರಾದರೂ ನೋಡಿದ್ದಾರು ಎಂದು ತನಗೆ ತಾನೇ ಹೇಳಿಕೊಂಡು ಸಹಿ ಮಾಡಿದಳು. ಸಹಿ ಬಿದ್ದೊಡನೆ ಎಂದಿನ ಪ್ರಶ್ನೆ ಪರದೆಯ ಮೇಲೆ ಬಂತು. ಈ ವರದಿಯಿಂದ ಕಲಿಯಲೇ? ಹೌದು ಎಂದರೆ ಒಂದು ಗುಂಡಿ ಒತ್ತಿದರೆ ಸಾಕು. ಬೇಡ ಎಂದರೆ ಕಾರಣ ಬರೆಯಬೇಕಿತ್ತು, ಆ ಕಾರಣವನ್ನು ಬರೆಯುವಂತಿರಲಿಲ್ಲ. ಅವಳು ಹೌದು ಒತ್ತಿದಳು.

ಹುಸೇನಸಾಬನಿಗೆ ಹದಿನಾಲ್ಕು ತಿಂಗಳ ಶಿಕ್ಷೆಯಾಯಿತು. ತೂಕಡಿಸಿದೆನೆಂದು ಒಪ್ಪಿಕೊಂಡಿದ್ದಕ್ಕೆ ಅಷ್ಟು ಕಡಿಮೆಯಾಯಿತು ಎಂದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು.

ಗಗನಸಾಕ್ಷಿಯ ಹೆಸರು ಮಾತ್ರ ಏರುತ್ತ ಹೋಯಿತು. ಎರಡು ವರ್ಷದೊಳಗೆ ಅದನ್ನು ವಿಮಾನ ಸಂಚಾರ ನಿಯಂತ್ರಿಸುವ ಕೊಠಡಿಗಳಿಗೂ ಜೋಡಿಸಿದರು. ಹಕ್ಕಿಹಿಂಡು, ಗಾಳಿಪಟ, ಮೋಡದ ಹೊಳಪು ಮುಂತಾದ ಗದ್ದಲವನ್ನೆಲ್ಲ ಅಳಿಸಿ, ನಿಯಂತ್ರಕರ ಪರದೆಯ ಮೇಲೆ ಅದು ನಿಜವಾದ ವಿಮಾನಗಳನ್ನಷ್ಟೇ ಉಳಿಸುತ್ತಿತ್ತು. ಅಲ್ಲಿಯ ಜನ ಕಣ್ಣುರಿ ಕಡಿಮೆಯಾಯಿತೆಂದು ಶಾಂಭವಿಗೆ ಕಾಗದ ಬರೆದರು.

ಅದಾದ ಆರು ತಿಂಗಳಿಗೆ, ಮೋಡ ಮುಸುಕಿದ ಒಂದು ಬೆಳಗ್ಗೆ, ರಾಯಚೂರಿನಿಂದ ಹೃದ್ರೋಗಿಯೊಬ್ಬರನ್ನು ಹೊತ್ತು ಹುಬ್ಬಳ್ಳಿಗೆ ಹೊರಟಿದ್ದ ಆಂಬುಲೆನ್ಸ್ ಹೆಲಿಕಾಪ್ಟರು ಆಕಾಶದಲ್ಲೇ ಒಡೆದು ಬಿತ್ತು. ಪೈಲಟ್, ನರ್ಸ್, ರೋಗಿ, ಮೂವರೂ ಹೋದರು. ಕೊನೆಯ ಸಂಭಾಷಣೆಯ ಧ್ವನಿಮುದ್ರಿಕೆ ಶಾಂಭವಿಯ ಮೇಜಿಗೆ ಬಂತು. ಅಪರಿಚಿತ ವಸ್ತುವಿನ ಮಾತು ಅದರಲ್ಲಿ ಇದ್ದುದರಿಂದ ನಿಯಮದ ಪ್ರಕಾರ ತನಿಖೆ ಅವಳದೇ.

"ಎದುರಿಗೆ ಮೂರು ಮೂಲೆಯ ಬೆಳಕು ಕಾಣುತ್ತಿದೆ," ಎನ್ನುತ್ತಿದ್ದಳು ಪೈಲಟ್. "ನಿಮ್ಮ ಪರದೆಯಲ್ಲಿ ಏನಿದೆ?"

"ಏನೂ ಇಲ್ಲ. ಆಕಾಶ ಖಾಲಿ ಇದೆ. ಮುಂದುವರಿಯಿರಿ."

ಹನ್ನೊಂದು ಸೆಕೆಂಡಿನ ಬಳಿಕ ಧ್ವನಿ ನಿಂತಿತ್ತು.

ಶಾಂಭವಿ ಗುಮ್ಮಟದಲ್ಲಿ ಆ ಬೆಳಗನ್ನು ತೆರೆದಳು. ಹೆಲಿಕಾಪ್ಟರು ಒಂಟಿಯಾಗಿ ಹಾರುತ್ತಿತ್ತು. ಎದುರಿಗೆ ಏನೂ ಇರಲಿಲ್ಲ. ಏನಕ್ಕೂ ತಗುಲದೆ ಅದು ಮುರಿದು ಎರಡಾಗಿ ಕೆಳಗೆ ಬಿತ್ತು. ಬೂದಿಕಟ್ಟಿಯ ಹಳೆಯ ಸಂಜೆಯನ್ನು ತೆರೆದಳು. ಕೃತ್ತಿಕೆ ಮೂಡಿತು, ಬಸ್ಸಿನ ದೀಪಗಳು ರಸ್ತೆಯ ಮೇಲೆ ಬಂದವು, ಎಡಕ್ಕೆ ತಿರುಗಿದವು. ಮೇಲೆ ಬೆಳಕಿರಲಿಲ್ಲ, ಹಸಿರು ಗುರುತೂ ಇರಲಿಲ್ಲ. ಮೂರು ಮೂಲೆಯ ಆ ಆಕಾರ ಎಂದರೆ ಖಾಲಿ ಆಕಾಶ ಎಂದು ಯಂತ್ರ ಅವಳಿಂದ ಕಲಿತು, ಮುಂದಿನದರಿಂದಷ್ಟೇ ಅಲ್ಲ, ಹಿಂದಿನದರಿಂದಲೂ ಅದನ್ನು ಒರೆಸಿ ಹಾಕಿತ್ತು.

ಕರ್ನಲ್ ರೈ ಒಂದೇ ವಾರದಲ್ಲಿ ಹತ್ತು ವರ್ಷ ಮುಪ್ಪಾದಂತೆ ಕಾಣುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಹಾರಿಸುವವರ ಬಳಿ ದಾಖಲೆ ಇದ್ದೇ ಇರುತ್ತದೆ ಸರ್."

"ಇಲ್ಲದ ವಾಹನಕ್ಕೆ ಯಾರು ದಾಖಲೆ ಇಡುತ್ತಾರೆ? ಕೇಳಿದೆ. ಉತ್ತರವೇ ಬರಲಿಲ್ಲ." ಅವರು ಕಿಟಕಿಯ ಕಡೆ ತಿರುಗಿದರು. "ನೀವು ನೋಡಿದ್ದೀರಿ, ನಾನು ನೋಡಿದ್ದೇನೆ. ನಾವಿಬ್ಬರು ಕಣ್ಣಲ್ಲಿ ನೋಡಿದ್ದಕ್ಕೆ ಈಗ ಏನು ಬೆಲೆ ಇದೆ? ಈ ದಳದಲ್ಲಿ ಕಣ್ಣಿಗಿಂತ ಯಂತ್ರವೇ ಖಚಿತ ಎಂಬ ನಿಯಮ ಮಾಡಿದವರು ನಾವೇ ಅಲ್ಲವೇ?"

ಪೈಲಟ್ ಗೊಂದಲಗೊಂಡಿದ್ದಳು, ಆಕಾಶ ಖಾಲಿ ಇತ್ತು ಎಂಬ ವರದಿ ಸಹಿಗೆ ಬಂದಾಗ ಶಾಂಭವಿ ಒಪ್ಪಲಿಲ್ಲ. ಬೇರೊಬ್ಬರು ಸಹಿ ಮಾಡಿದರು. ಅವಳು ರಾಜೀನಾಮೆ ಕೊಟ್ಟು, ತಾನು ಎರಡೂವರೆ ವರ್ಷದ ಹಿಂದೆ ಕಂಡದ್ದನ್ನು, ಬರೆದ ಸುಳ್ಳನ್ನು ನಾಲ್ಕು ಹಾಳೆಗಳಲ್ಲಿ ಕೈಯಾರೆ ಬರೆದು ಬೂದಿಕಟ್ಟಿಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಚಾಲಕನ ಸೀಟೇ ಇರಲಿಲ್ಲ.

ಹುಸೇನಸಾಬ ಮನೆಯ ಪಡಸಾಲೆಯಲ್ಲಿ ಹತ್ತಿ ಬಡಿಯುತ್ತ ಕುಳಿತಿದ್ದ. ಜೈಲಿನಿಂದ ಬಂದ ಮೇಲೆ ಗಾದಿ ಹೊಲಿಯುವ ಮನೆತನದ ಕೆಲಸಕ್ಕೆ ಮರಳಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಅದರಲ್ಲಿ ಹತ್ತಿಯ ಎಳೆಗಳೂ ಸಿಕ್ಕಿಕೊಂಡಿದ್ದವು. ಹೆಂಡತಿ ಮಾಬೂಬಿ ನೀರು ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು.

ಶಾಂಭವಿ ತಲೆ ಎತ್ತದೆ ಎಲ್ಲ ಹೇಳಿದಳು. ಹಾಳೆಗಳನ್ನು ಅವನ ಕೈಗೆ ಕೊಟ್ಟಳು. ಅವನು ಬಿಚ್ಚಿ ಹಾಸಿದ್ದ ಕೆಂಪು ಬಟ್ಟೆಯ ಕಡೆ ಕೈ ಮಾಡಿದ.

"ಈ ಗಾದಿ ಯಾರ್ದು ಗೊತ್ತೇನ್ರಿ? ಗುರಲಿಂಗವ್ವನ ಮಗಳ ಲಗ್ನದ್ದು. ಗುರಲಿಂಗವ್ವನ ಗಂಡ ನನ್ನ ಗಾಡ್ಯಾಗ ಸತ್ತಾಂವ. ಜೈಲಿಂದ ಬಂದ ನಾಕೂ ಮನಿಗೆ ಹೋದೆ. ನನ್ನ ಕಣ್ಣ ಹತ್ತಿತ್ತು, ತಪ್ಪಾತು ಅಂದೆ. ಗುರಲಿಂಗವ್ವ ಒಂದ ತಾಸ ಅತ್ತಳು, ಆಮ್ಯಾಲ ಕುಡ್ಯಾಕ ನೀರ ಕೊಟ್ಟಳು. ಈಗ ಹೋಗಿ, ನಂದೇನೂ ತಪ್ಪಿರ್ಲಿಲ್ಲ ಅಂತ ಹೇಳ್ಲೇನು? ಆಕಿ ಈಗ ಯಾರನ್ನ ಮಾಫ ಮಾಡಬೇಕು?"

"ನನ್ನ ಹೆಸರ ಹೇಳ್ರಿ."

"ನೀವು ಬೆಳಗಾಂವದಾಗ ಇರ್ತೀರಿ. ನಾ ಈ ಊರಾಗ ಇರಬೇಕು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲನೇ ವರ್ಷ ಬಂದಿದ್ರ ನಿಮ್ಮ ಕಾಲಿಗೆ ಬೀಳ್ತಿದ್ದೆ ಮೇಡಂ. ಈಗ ಆ ಕಾಗದ ವಾಪಸ್ ಒಯ್ರಿ."

ಅವನು ಹಾಳೆಗಳನ್ನು ಮುಂದೆ ಚಾಚಿದ. ಅವುಗಳನ್ನು ಹಿಡಿದುಕೊಂಡದ್ದು ಮಾಬೂಬಿ. ಅವಳು ಬಾಗಿಲು ಬಿಟ್ಟು ಬಂದದ್ದನ್ನು ಇಬ್ಬರೂ ಗಮನಿಸಿರಲಿಲ್ಲ.

"ಹಂಗಾದ್ರ ನಿಮ್ಮ ಕಣ್ಣ ಹತ್ತಿರ್ಲಿಲ್ಲ?" ಎಂದು ಗಂಡನನ್ನು ಕೇಳಿದಳು.

ಹುಸೇನಸಾಬ ಕೋಲು ಕೆಳಗಿಟ್ಟ. ಹೆಂಡತಿಯನ್ನು ಹೊಸಬಳೆಂಬಂತೆ ನೋಡಿದ.

"ದವಾಖಾನ್ಯಾಗ ಮೊದಲನೇ ದಿನ ನಿನಗ ಹೇಳಿದ್ದೆ. ನಂಬೀನಿ ಅಂದಿದ್ದಿ."

"ಆಗ ನಂಬಿದ್ದೆ. ಆಮ್ಯಾಲ ಮಿಷನ್ ಇಲ್ಲ ಅಂತು. ನೀವೂ ಕೋರ್ಟಿನ್ಯಾಗ ಹೌದಂದ್ರಿ."

"ಕೋರ್ಟಿನ್ಯಾಗ ವಕೀಲ ಹೇಳಿದ್ದಕ್ಕ ಅಂದೆ. ಮನ್ಯಾಗ ನಾ ಯಾವತ್ತೂ ಹಂಗ ಅಂದಿಲ್ಲ, ಮಾಬೂಬಿ. ಜೈಲಿಗೆ ನೀ ಬಂದು ಕುಂದರ್ತಿದ್ದಿ, ಮಾತಾಡ್ತಿದ್ದಿಲ್ಲ. ನಿನ್ನ ಮಾರಿ ನೋಡಿ ನೋಡಿ ನನಗೂ ಅನಸ್ತು, ಕಣ್ಣ ಹತ್ತಿದ್ದ ಖರೇ ಇರಬೇಕು ಅಂತ."

ಮಾಬೂಬಿ ಹಾಳೆಗಳನ್ನು ಎದೆಗೆ ಒತ್ತಿಕೊಂಡಳು. ಶಾಂಭವಿ ಕೈ ಮುಗಿದು ಎದ್ದಳು. ಯಾರೂ ಅವಳತ್ತ ನೋಡಲಿಲ್ಲ.

ಹೊರಗೆ ಬಂದವಳು ಅಂಗಳದಲ್ಲೇ ನಿಂತಳು. ಅಳುವೋ ಜಗಳವೋ ಏನಾದರೂ ಕೇಳಿಸೀತೆಂದು ಕಾದಳು. ಬಹಳ ಹೊತ್ತಿನ ಮೇಲೆ ಹತ್ತಿಯ ಮೇಲೆ ಕೋಲು ಬೀಳುವ ಸದ್ದು ಶುರುವಾಯಿತು. ಅದರ ನಡುವೆ ಒಂದು ಮಾತೂ ಇರಲಿಲ್ಲ.