ಕೆಟ್ಟ ಮಾನಿಟರೇ ಬೇಕು!

“ಕೈ ತೆಗೀರಿ! ಮೊದಲು ನೋಡಿದ್ದು ನಾನು!”

ಅಕ್ರಾ ನಗರದ ಗುಜರಿ ಸಂತೆಯಲ್ಲಿ ಒಂದು ಹಳೆಯ ಡಬ್ಬಾ ಮಾನಿಟರನ್ನು ಇಬ್ಬರು ಹಿಡಿದೆಳೆಯುತ್ತಿದ್ದರು. ಒಬ್ಬಳು ಸೆನಾಮ್. ಇನ್ನೊಬ್ಬ, ಅಲ್ಲಿನ ಅಂಗಡಿ ಸಾಲಿನ ಹೆಸರುವಾಸಿ ರಿಪೇರಿಗಾರ ಲಾರ್ಟೆ.

“ಇದು ಸತ್ತೋಗಿದೆ ಮೇಡಂ. ಒಯ್ದು ಮಣ್ಣು ಮಾಡ್ತೀರಾ?”

“ಸತ್ತಿರೋದೇ ಬೇಕು! ನಮ್ಮ ಹುಡುಗೀರ ಕ್ಲಾಸಿಗೆ, ಶನಿವಾರಕ್ಕೆ ಇಂಥವು ಆರು ಬೇಕು.”

ಲಾರ್ಟೆ ನಕ್ಕ. ಅಯ್ಯೋ, ಆ ನಗು! ಸೆನಾಮ್‌ಳ ಕೈ ತಾನಾಗಿ ಸಡಿಲವಾಯಿತು.

“ಆರೂ ನಾನೇ ತಂದ್ಕೊಡ್ತೀನಿ, ಬಿಡಿ.”

ಅವಳದು ರಿಪೇರಿ ಕಲಿಸುವ ಕ್ಲಾಸು. ಚರ್ಚಿನ ಸಭಾಂಗಣ ಕೊಟ್ಟ ಪಾದ್ರಿಯ ಷರತ್ತು ಒಂದೇ: ಶನಿವಾರ ಸಂಜೆಯೊಳಗೆ ಹುಡುಗಿಯರ ಕೈಯಿಂದ ಒಂದಾದರೂ ಪರದೆ ಬೆಳಗಬೇಕು. ಇಲ್ಲದಿದ್ದರೆ ಕ್ಲಾಸು ಬಂದ್!

ಶನಿವಾರ ಬೆಳಿಗ್ಗೆ ಎಂಟೂವರೆಗೆ ಲಾರ್ಟೆ ಬಂದ. ಆರನ್ನೂ ಸಾಲಾಗಿ ಇಟ್ಟು ಸ್ವಿಚ್ ಒತ್ತಿದ. ಆರೂ ಫಳಫಳ ಬೆಳಗಿದವು!

ಸೆನಾಮ್‌ಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

“ರಿಪೇರಿ ಮಾಡಿ ಅಂತ ಯಾರ್ರೀ ಹೇಳಿದ್ದು? ರಿಪೇರಿ ಮಾಡೋದನ್ನೇ ಕಲಿಸ್ಬೇಕಿತ್ತು ನಾನು! ಈಗ ಹುಡುಗೀರು ಏನು ಮಾಡ್ಬೇಕು... ಧೂಳು ಒರೆಸ್ಬೇಕಾ?”

ಅವನ ಮುಖ ಸಪ್ಪಗಾಯಿತು. “ಕಂಪ್ಯೂಟರ್ ಕ್ಲಾಸು ಅಂದ್ಕೊಂಡೆ. ಒಳ್ಳೇದು ಸಿಗದೆ ಕೆಟ್ಟದ್ದು ಕೇಳ್ತಿದೀರಿ ಅನ್ನಿಸ್ತು. ಮೂರು ದಿನ ಅಂಗಡಿ ಮುಚ್ಚಿ ಇದೇ ಮಾಡ್ದೆ... ನಿಮ್ಮ ಮುಖದಲ್ಲಿ ಖುಷಿ ನೋಡ್ಬೇಕು ಅಂತ.”

ಅವಳ ಕಣ್ಣು ತುಂಬಿತು. ಸಿಟ್ಟಿಗೋ, ಇನ್ಯಾವುದಕ್ಕೋ... ಅವಳಿಗೇ ತಿಳಿಯಲಿಲ್ಲ.

“ಕ್ಲಾಸು ಎಷ್ಟೊತ್ತಿಗೆ?”

“ಹತ್ತಕ್ಕೆ.”

ಲಾರ್ಟೆ ಜೇಬಿನಿಂದ ಆರು ಪೊಟ್ಟಣ ತೆಗೆದ. ಬದಲಾಯಿಸಿದ ಸತ್ತ ಭಾಗಗಳನ್ನು ಗಿರಾಕಿಗೆ ತೋರಿಸಿಯೇ ಕೊಡುವುದು ಅವರ ಸಾಲಿನ ಪದ್ಧತಿ. ಸುಟ್ಟ ಫ್ಯೂಸು, ಉಬ್ಬಿದ ಕೆಪಾಸಿಟರ್... ಎಲ್ಲವೂ ಇದ್ದವು.

“ಹಿಡೀರಿ ದೀಪ. ಹಾಳು ಮಾಡೋಣ.”

ಒಂದೊಂದೇ ಹಿಂಬದಿ ಬಿಚ್ಚಿ, ಒಳ್ಳೆಯ ಭಾಗ ಕಿತ್ತು, ಕೆಟ್ಟದ್ದನ್ನು ಬೆಸೆದ. ಹನ್ನೆರಡು ವರ್ಷಗಳಲ್ಲಿ ಅವನ ಕೈಯಿಂದ ಕೆಟ್ಟ ಸಾಮಾನು ಹೊರಗೆ ಹೋಗಿದ್ದಿಲ್ಲ. ಈಗ ಅದೇ ಕೈ ಸುಟ್ಟ ಫ್ಯೂಸನ್ನು ಒಳಗೆ ಕೂರಿಸುತ್ತಿತ್ತು. ‘ತನ್ನ ಹೆಮ್ಮೆಯನ್ನೇ ನನಗೋಸ್ಕರ ಬಿಚ್ಚಿಡ್ತಿದಾನಲ್ಲ!’ ಎಂದುಕೊಂಡ ಸೆನಾಮ್ ದೀಪವನ್ನು ಇನ್ನಷ್ಟು ಹತ್ತಿರ ಹಿಡಿದಳು.

ಹತ್ತಕ್ಕೆ ಹುಡುಗಿಯರು ಬಂದರು. ಮಧ್ಯಾಹ್ನ ಮೆಕ್ಕೆಜೋಳದ ಕಡುಬಿನಂಥ ಕೆಂಕೆ, ಮೀನು ತಿಂದದ್ದೂ ನಿಂತುಕೊಂಡೇ. ನಾಲ್ಕು ಗಂಟೆಗೆ ಪಾದ್ರಿ ಬಾಗಿಲಲ್ಲಿ ಬಂದು ನಿಂತರು. ಒಂದು ಪರದೆಯೂ ಬೆಳಗಿರಲಿಲ್ಲ!

ಒಬ್ಬಳು ಅಳುವಂತಾಗಿ ಲಾರ್ಟೆಯತ್ತ ತಿರುಗಿದಳು. “ಅಣ್ಣಾ, ನೀವೇ ಹೇಳ್ಬಾರ್ದಾ?”

ಲಾರ್ಟೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಟೀಚರ್ ನಾನಲ್ಲ, ಅವರು.”

“ಮೀಟರ್ ಹಿಡಿದು ಮತ್ತೊಮ್ಮೆ ಅಳೆದು ನೋಡು,” ಎಂದಳು ಸೆನಾಮ್.

ಹುಡುಗಿ ಅಳೆದಳು. “ಇದೇ! ಇದೇ ಸತ್ತಿರೋದು!” ಲಾರ್ಟೆ ಕಿತ್ತಿಟ್ಟಿದ್ದ ಒಳ್ಳೆಯ ಭಾಗವನ್ನು ಬೆಸೆದು ಸ್ವಿಚ್ ಒತ್ತಿದಳು. ಬೆಳಕು! ಸಭಾಂಗಣವೇ ಕುಣಿದಾಡಿತು.

“ಮುಂದಿನ ಶನಿವಾರಾನೂ ನಡೆಸಮ್ಮ,” ಎಂದರು ಪಾದ್ರಿ.

ಎಲ್ಲರೂ ಹೋದ ಮೇಲೆ ಸೆನಾಮ್ ಅವನ ಬಳಿ ಬಂದಳು.

“ಮುಂದಿನ ವಾರಾನೂ ಬರ್ಬೇಕು ನೀವು.”

“ಬರ್ತೀನಿ ಮೇಡಂ.”

“ಮೇಡಂ ಅಲ್ಲ... ಸೆನಾಮ್.”

ಅವನು ಮೆಲ್ಲನೆ ಕೇಳಿದ, “ಕ್ಲಾಸಿಗಾ, ಸೆನಾಮ್?”

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಕ್ಲಾಸಿಗೂ...”